ಐದು ಸಾಲಿನ ಷರಾ

ನಮ್ಮೂರಿನಲ್ಲಿ ಒಬ್ಬ ಮನುಷ್ಯನ ಬಗ್ಗೆ ಒಂದೇ ಸಲ ಬರೆಯುತ್ತಾರೆ. ಅದೂ ಅವನು ಶಿಶುವಿಹಾರ ಬಿಟ್ಟು ದೊಡ್ಡ ಸ್ಕೂಲಿಗೆ ಹೋಗುವಾಗ, ಐದು ಸಾಲು, ಅಷ್ಟೇ. ಆಮೇಲೆ ಅವನು ನೂರು ವರ್ಷ ಬದುಕಲಿ, ಕೆರೆ ಕಟ್ಟಿಸಲಿ, ಕೆರೆ ನುಂಗಲಿ, ಆರನೆಯ ಸಾಲು ಬರೆಯುವ ಪದ್ಧತಿ ಇಲ್ಲ. ದೊಡ್ಡ ಸ್ಕೂಲಿನವರು ಅಂಕ ಕೊಡುತ್ತಾರೆ. ಕೊಡಲಿ ಪಾಪ, ಅಂಕಿಯನ್ನು ನೋಡಿ ಮನುಷ್ಯ ಎಂಥವನೆಂದು ಹೇಳುವುದಕ್ಕಾಗುತ್ತದೆಯೇ? ಹೆಣ್ಣು ನೋಡಲು ಹೋದರೂ, ಕೆಲಸ ಕೇಳಲು ಹೋದರೂ, ಬಾಡಿಗೆ ಮನೆ ಹುಡುಕಿಕೊಂಡು ಹೋದರೂ ಜನ ಮೊದಲು ಕೇಳುವುದು ಆ ಐದು ಸಾಲಿನ ಷರಾವನ್ನೇ. ಎಲ್ಲರ ನಡುಮನೆಯಲ್ಲೂ ಅದು ಗಾಜು ಹಾಕಿಸಿಕೊಂಡು ದೇವರ ಪಟಗಳ ಪಕ್ಕದಲ್ಲಿ ನೇತಾಡುತ್ತಿರುತ್ತದೆ. ಸತ್ತಾಗ ಅದನ್ನೇ ಒಮ್ಮೆ ಜೋರಾಗಿ ಓದಿ ಮಣ್ಣು ಹಾಕುತ್ತಾರೆ.

ಇದರಿಂದ ಊರಿಗೆ ತೊಂದರೆಯಾಗಿದೆ ಎಂದು ಯಾರಾದರೂ ತಿಳಿದರೆ ತಪ್ಪು. ಬ್ಯಾಂಕಿನ ಮ್ಯಾನೇಜರರ ಷರಾದಲ್ಲಿ ಮೂರನೆಯ ಸಾಲು ‘ಡಬ್ಬಿಯ ಮುಚ್ಚಳವನ್ನು ತಾನೇ ಭದ್ರವಾಗಿ ಹಾಕುತ್ತಾನೆ’. ಬಸ್ಸಿನ ಕಂಡಕ್ಟರನದು ‘ಎಲ್ಲರನ್ನೂ ಮುಂದೆ ತಳ್ಳುತ್ತಾನೆ’. ಬಟ್ಟೆ ಅಂಗಡಿ ಬೀದಿಯಲ್ಲಿ ಒಂದು ದಂಪತಿ ಇದ್ದಾರೆ, ಇಬ್ಬರ ಷರಾದಲ್ಲೂ ‘ಊಟ ನಿಧಾನ’ ಎಂದಿತ್ತು, ಅದನ್ನು ನೋಡಿಯೇ ಹಿರಿಯರು ಜೋಡಿ ಕೂಡಿಸಿದರು. ಅವರ ಮನೆಯಲ್ಲಿ ಬೆಳಗಿನ ತಿಂಡಿ ಮುಗಿಯುವ ಹೊತ್ತಿಗೆ ಮಧ್ಯಾಹ್ನದ ಅಕ್ಕಿ ತೊಳೆಯುವ ಹೊತ್ತಾಗಿರುತ್ತದೆ. ಜಗಳವಾಡಿದ್ದನ್ನು ಯಾರೂ ಕೇಳಿಲ್ಲ. ಬಾಯಿ ಬಿಡುವಾಗಿದ್ದರೆ ತಾನೇ?

ಈ ಷರಾಗಳನ್ನು ಮೂವತ್ತು ವರ್ಷ ಬರೆದವಳು ನಾನು, ವಾರಿಜಾ ಟೀಚರ್. ನನಗೆ ಈ ಕೆಲಸ ಬಂದದ್ದೂ ನನ್ನದೇ ಷರಾದಿಂದ. ನಾನು ಐದೂವರೆ ವರ್ಷದವಳಿದ್ದಾಗ ಆಗಿನ ಟೀಚರರ ಸೀರೆ ಬೆನ್ನಿನ ಕಡೆ ಹರಿದಿರುವುದನ್ನು ಮಕ್ಕಳೆದುರಿಗೆ, ಆಯಾ ಎದುರಿಗೆ, ಸಾಲದ್ದಕ್ಕೆ ತಪಾಸಣೆಗೆ ಬಂದ ಸಾಹೇಬರ ಎದುರಿಗೂ ಹೇಳಿಬಿಟ್ಟಿದ್ದೆನಂತೆ. ಅವರು ನನ್ನ ಷರಾದಲ್ಲಿ ‘ಕಂಡದ್ದನ್ನು ಕಂಡ ಹಾಗೆ ಹೇಳುತ್ತಾಳೆ’ ಎಂದು ಬರೆದರು. ಅದು ಹೊಗಳಿಕೆಯೋ ಸೇಡೋ ನನಗೆ ಇವತ್ತಿಗೂ ಗೊತ್ತಿಲ್ಲ. ಮೂವತ್ತು ವರ್ಷ ಬರೆದವರು ಪೆನ್ನು ಕೆಳಗಿಡಬೇಕೆಂಬುದು ನಿಯಮ, ಅದಕ್ಕಿಂತ ಹೆಚ್ಚು ಬರೆದರೆ ಮಕ್ಕಳೆಲ್ಲ ಒಂದೇ ಥರ ಕಾಣತೊಡಗುತ್ತವಂತೆ. ಅವರು ಪೆನ್ನಿಟ್ಟಾಗ ಪುರಸಭೆಯವರು ದಫ್ತರ ತೆಗೆದು ಹುಡುಕಿದರು. ಆ ಸಾಲು ಇದ್ದದ್ದು ನನ್ನೊಬ್ಬಳ ಷರಾದಲ್ಲಿ. ಆಗ ನನಗೆ ಇಪ್ಪತ್ತೆರಡು ವರ್ಷ, ಕೈಬರಹ ದುಂಡಗಿತ್ತು, ತಲೆಯೂ ಸ್ವಲ್ಪ ತಿರುಗಿತ್ತು.

ಬರೆಯುವುದಕ್ಕೆ ಕಟ್ಟಳೆಗಳಿವೆ. ಕಣ್ಣಿನಿಂದ ಕಂಡದ್ದನ್ನು ಮಾತ್ರ ಬರೆಯಬೇಕು. ‘ಒಳ್ಳೆಯ’, ‘ಕೆಟ್ಟ’ ಎಂಬ ಪದ ಬರಕೂಡದು. ಬೀದಿಗೆ ಗೊತ್ತಾದ ಸಂಗತಿಯನ್ನು ಬಿಡಕೂಡದು. ಮಕ್ಕಳು ಮೇಲಿನ ಸ್ಕೂಲಿಗೆ ಹೋಗುವ ಮುಂಚಿನ ಕೊನೆಯ ಐದು ದಿನಕ್ಕೆ ‘ನೋಡುವ ವಾರ’ ಎಂದು ಹೆಸರು. ಆ ವಾರ ಟೀಚರು ನೋಡಬೇಕು, ಬರೆಯಬೇಕು. ತಂದೆತಾಯಿ ಟೀಚರ ಜೊತೆ ಮಾತಾಡುವಂತಿಲ್ಲ. ನಾನು ಸಂತೆಗೆ ಹೋದರೆ ಜನ ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದರು. ತರಕಾರಿ ಮಾರುವ ಒಬ್ಬಾಕೆ, ಅವಳ ಮಗ ನನ್ನ ಹತ್ತಿರ ಇದ್ದ ವರ್ಷ, ಕಣ್ಣು ಮುಚ್ಚಿಕೊಂಡೇ ನನಗೆ ಬದನೆಕಾಯಿ ತೂಗಿ ಕೊಟ್ಟಳು. ಎರಡು ಹುಳುಕಿದ್ದವು.

ಇನ್ನು ಮಕ್ಕಳೋ, ಆ ವಾರ ಕೋಲೆ ಬಸವನ ಹಾಗೆ ಸಾಧು. ಮನೆಯಲ್ಲಿ ತಿಂಗಳುಗಟ್ಟಲೆ ತಾಲೀಮು ನಡೆದಿರುತ್ತದೆ. ತಿಂಡಿ ಡಬ್ಬಿ ತೆರೆದ ಕೂಡಲೇ ‘ನೀನು ತಗೋ’, ‘ಇಲ್ಲ ನೀನು ತಗೋ’ ಎಂದು ಶುರುವಾಗಿ, ಒಂದು ಚಪಾತಿ ಹತ್ತೊಂಬತ್ತು ಕೈ ದಾಟಿ ಹೊರಟವನ ಹತ್ತಿರಕ್ಕೇ ವಾಪಸು ಬಂದು, ಅಷ್ಟರಲ್ಲಿ ಗಂಟೆ ಹೊಡೆದು ಎಲ್ಲರೂ ಉಪವಾಸ. ಒಂದು ಮಗು ಎಡವಿದರೆ ಹತ್ತು ಮಕ್ಕಳು ಎತ್ತಲು ಓಡುತ್ತವೆ, ಎತ್ತುವ ನೂಕುನುಗ್ಗಲಿನಲ್ಲಿ ಇನ್ನೆರಡು ಬೀಳುತ್ತವೆ. ಹೀಗಿರುವಾಗ ಕಂಡದ್ದನ್ನು ಬರೆ ಎಂದರೆ ಏನು ಬರೆಯುವುದು? ಆದರೂ ಬರೆದೆ. ಬೆಳಗ್ಗೆಯಿಂದ ಸಂಜೆಯವರೆಗೆ ಮೇಜಿನ ಮುಂದೆ ಕುಳಿತು, ತಲೆ ಬಗ್ಗಿಸಿಕೊಂಡು, ಒಂದು ಸಾಲನ್ನು ಮೂರು ಸಲ ಹೊಡೆದು ನಾಲ್ಕನೆಯ ಸಲ ಸರಿಮಾಡಿ, ಮೂವತ್ತು ವರ್ಷ ಬರೆದೆ.

ನಾನು ಬರೆದ ಮೊಟ್ಟಮೊದಲ ತಂಡದಲ್ಲಿ ಮರಿಸ್ವಾಮಿ ಎಂಬ ಹುಡುಗನಿದ್ದ. ಆ ವರ್ಷದ ನೋಡುವ ವಾರದಲ್ಲಿ, ಗುರುವಾರ ಸಂಜೆ, ಶಿಶುವಿಹಾರದ ಮರದ ಆನೆ ಅವನ ಚೀಲದಲ್ಲಿ ಸಿಕ್ಕಿತು. ಗೇಟಿನ ಹತ್ತಿರ ಅವನ ತಾಯಿಯೇ ಚೀಲ ನೋಡಿ, ಎಲ್ಲ ತಾಯಂದಿರ ಎದುರಿಗೆ ಹೊರಗೆ ತೆಗೆದಳು. ಹುಡುಗ ಬಿಕ್ಕುತ್ತಾ ಏನೋ ಹೇಳಿದ. ಮೂಗು ಬಾಯಿ ಎಲ್ಲ ಒಂದಾಗಿ ಅಳುವ ಮಗುವಿನ ಮಾತು ಯಾರಿಗೆ ತಿಳಿಯುತ್ತದೆ? ನಾನು ಕಣ್ಣಾರೆ ಕಂಡಿದ್ದೆ, ಬೀದಿಗೂ ಗೊತ್ತಾಗಿತ್ತು. ನಾಲ್ಕನೆಯ ಸಾಲಿನಲ್ಲಿ ‘ಕೇಳದೆ ತೆಗೆದುಕೊಳ್ಳುತ್ತಾನೆ’ ಎಂದು ಬರೆದೆ.

ನಮ್ಮೂರಿನವರು ನಿರ್ದಯಿಗಳೇನಲ್ಲ. ಮರಿಸ್ವಾಮಿ ದೊಡ್ಡವನಾದ ಮೇಲೆ ಅವನಿಗೆ ತಕ್ಕ ಕೆಲಸವನ್ನೇ ಹುಡುಕಿದರು. ಫುಟ್‌ಪಾತಿನ ಮೇಲೆ ಅಂಗಡಿಯವರು ಇಟ್ಟ ಸ್ಟೂಲು, ಬುಟ್ಟಿ, ಬೋರ್ಡುಗಳನ್ನು ಎತ್ತಿಕೊಂಡು ಹೋಗುವುದಕ್ಕೆ ಪುರಸಭೆಗೆ ಒಬ್ಬ ಬೇಕಾಗಿದ್ದ. ಕೇಳದೆ ತೆಗೆದುಕೊಳ್ಳುವವನು ಎಂದು ಬರೆಸಿಕೊಂಡವನಿಗಿಂತ ಯೋಗ್ಯ ಅಭ್ಯರ್ಥಿ ಬೇಕೇ? ಹಸಿರು ತಳ್ಳುಗಾಡಿ ಕೊಟ್ಟರು. ಅವನು ಬೆಳಗ್ಗೆ ಏಳಕ್ಕೆಲ್ಲ ಹೊರಡುತ್ತಿದ್ದ. ಯಾರಾದರೂ ಬೈದರೆ ಎದುರು ಮಾತಾಡುತ್ತಿರಲಿಲ್ಲ, ‘ನಾನೇನ್ ಮಾಡ್ಲಿ ಯಜಮಾನ್ರೇ, ಹುಟ್ಟುಗುಣ’ ಎನ್ನುತ್ತಿದ್ದ.

ಮದುವೆ ಮುಂಜಿಗಳಿಗೂ ಅವನನ್ನು ತಪ್ಪದೆ ಕರೆಯುತ್ತಿದ್ದರು. ಪಕ್ಕದಲ್ಲಿ ಕುಳಿತುಕೊಳ್ಳುವುದಕ್ಕೆ ಒಬ್ಬರನ್ನು ಗೊತ್ತು ಮಾಡುತ್ತಿದ್ದರು, ಅಷ್ಟೇ. ಅವರು ಅವನಿಗೆ ಪ್ರೀತಿಯಿಂದ ಇನ್ನೊಂದು ಸೌಟು ಪಾಯಸ ಹಾಕಿಸಿ, ಸೌಟು ಪಾತ್ರೆಗೆ ವಾಪಸು ಹೋಗುವವರೆಗೂ ಕಣ್ಣಿಟ್ಟಿರುತ್ತಿದ್ದರು. ಅವನೂ ಬೇರೆಯವರ ಮನೆಗೆ ಹೋದರೆ ಎರಡೂ ಕೈಗಳನ್ನು ಕಂಕುಳಲ್ಲಿ ಕಟ್ಟಿಕೊಂಡು ಕೂರುವುದನ್ನು ಅಭ್ಯಾಸ ಮಾಡಿಕೊಂಡಿದ್ದ. ಈ ಮೂವತ್ತು ವರ್ಷದಲ್ಲಿ ಅವನು ಯಾರ ಮನೆಯ ಒಂದು ಸೂಜಿಯನ್ನೂ ಮುಟ್ಟಿರಲಿಲ್ಲ. ತಾವು ಕಾಯುತ್ತಿರುವುದರಿಂದಲೇ ಹಾಗೆ ಎಂದು ಊರಿನವರು ತಿಳಿದಿದ್ದರು. ಅವನಿಗೆ ಹೆಣ್ಣು ಸಿಕ್ಕಿದ್ದೂ ಲೆಕ್ಕಾಚಾರವಾಗಿಯೇ. ಶಿವಲೀಲಾ ಎಂಬ ಆ ಹುಡುಗಿಯ ಷರಾದ ಮೊದಲನೆಯ ಸಾಲು ‘ತನ್ನ ವಸ್ತು ಏನನ್ನೂ ಕಳೆದುಕೊಳ್ಳುವುದಿಲ್ಲ’.

ಅವರ ಮಗಳು ದಾಕ್ಷಾಯಿಣಿ, ದಾಕ್ಷಿ, ನನ್ನ ಕೊನೆಯ ತಂಡಕ್ಕೆ ಬಂದಳು. ಮೊದಲನೆಯ ತಂಡದಲ್ಲಿ ಅಪ್ಪ, ಕೊನೆಯ ತಂಡದಲ್ಲಿ ಮಗಳು. ಕೊನೆಯ ನೋಡುವ ವಾರದ ಸೋಮವಾರ ಬೆಳಗ್ಗೆ ನಾನು ಗೇಟು ತೆಗೆಯುತ್ತಿದ್ದೆ. ಅಲ್ಲಿ ಸೀಬೆಹಣ್ಣು ಮಾರುವವಳ ಸ್ಟೂಲು ಎತ್ತುವುದಕ್ಕೆ ಮರಿಸ್ವಾಮಿ ಗಾಡಿ ನಿಲ್ಲಿಸಿದ್ದ. ನನ್ನ ಕಡೆ ನೋಡಲಿಲ್ಲ. ಸ್ಟೂಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತ.

“ನಾನು ಟೀಚರ್ ಹತ್ರ ಮಾತಾಡ್ತಿಲ್ಲ. ಸ್ಟೂಲ್ ಹತ್ರ ಮಾತಾಡ್ತಿದ್ದೀನಿ” ಎಂದ. “ನನ್ ಮಗಳು ಅಳುಬುರುಕಿ ಅಂತ ಬರೀಲಿ, ಮೊಂಡಿ ಅಂತ ಬರೀಲಿ, ನಂಗೆ ಬೇಜಾರಿಲ್ಲ. ನನ್ ಸಾಲೊಂದು ಅವಳಿಗೆ ಬರ್ದೇ ಇದ್ರೆ ಸಾಕು. ಕಂಡೋರ ಮನೇಲಿ ಕೈ ಕಟ್ಕೊಂಡು ಕೂತ್ಕೊಳ್ಳೋದು ಅಂದ್ರೆ ಏನು ಅಂತ ನಂಗೊತ್ತು. ಹೆಣ್ಮಗು ಬೇರೆ. ಜೀವಮಾನ ಪೂರ್ತಿ ಕೈ ಕಟ್ಕೊಂಡಿರೋಕಾಗತ್ತಾ?”

ಸ್ಟೂಲು ಏನು ಹೇಳುತ್ತದೆ? ಅದನ್ನು ಎತ್ತಿ ಗಾಡಿಗೆ ಹಾಕಿಕೊಂಡು ಹೋದ. ಹಿಂದೆಯೇ ಸೀಬೆಹಣ್ಣಿನವಳು ಅವನ ಏಳು ತಲೆಮಾರನ್ನೂ ನೆನೆಸಿಕೊಳ್ಳುತ್ತಾ ಓಡಿದಳು. ನನ್ನ ಮನಸ್ಸಿಗೆ ಕಸಿವಿಸಿಯಾಯಿತು. ಅವನ ಮಗಳ ಮೇಲೆ ವಿಶೇಷವಾಗಿ ಕಣ್ಣಿಡಬೇಕೆಂದುಕೊಂಡು ಒಳಗೆ ಹೋಗಿ ಬರೆಯಲು ಕುಳಿತೆ.

ಬುಧವಾರ ಸಂಜೆ ಆರು ಗಂಟೆಗೆ ಮರಿಸ್ವಾಮಿಯ ಮನೆಯಿಂದ ಶಿಶುವಿಹಾರದ ಗಂಟೆ ಕೇಳಿಸಿತು. ಹಿತ್ತಾಳೆಯ ಕೈಗಂಟೆ, ಅದರ ಸದ್ದು ಊರಿಗೆಲ್ಲ ಗೊತ್ತು. ಅಕ್ಕಪಕ್ಕದ ಮನೆಯ ಮೂರು ಮಕ್ಕಳು ಡಬ್ಬಿ ಹಿಡಿದುಕೊಂಡು ಹೊರಗೆ ಬಂದು ಸಾಲಾಗಿ ನಿಂತವು. ಅವುಗಳ ತಾಯಂದಿರು ಇದು ಬೆಳಗಲ್ಲ, ಸಂಜೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಇಡೀ ಬೀದಿ ಬಾಗಿಲಿಗೆ ಬಂದಿತ್ತು. ಗಂಟೆ ಬಾರಿಸುತ್ತಿದ್ದವಳು ದಾಕ್ಷಿ. ‘ನೂಲಿನಂತೆ ಸೀರೆ’ ಎಂದು ಒಬ್ಬಾಕೆ ಅಂದಳಂತೆ. ಶಿವಲೀಲಾ ಗಂಟೆ ಕಿತ್ತುಕೊಂಡು ಬಾಗಿಲು ಹಾಕಿಕೊಂಡಳು.

ಮಾರನೆಯ ಬೆಳಗ್ಗೆ ಮರಿಸ್ವಾಮಿ ಗಂಟೆಯನ್ನು ಟವೆಲಿನಲ್ಲಿ ಸುತ್ತಿ, ಸದ್ದಾಗದ ಹಾಗೆ ನಾಲಗೆಯನ್ನು ಬೆರಳಲ್ಲಿ ಹಿಡಿದುಕೊಂಡು ತಂದ. ನಮ್ಮ ಆಯಾ ಬೋರಮ್ಮನ ಕೈಗೆ ಕೊಟ್ಟ. ಮಾತಾಡಬಾರದೆಂಬ ನಿಯಮ ಮರೆತೇಹೋಗಿತ್ತು ಅವನಿಗೆ.

“ಬಂದ್ಬಿಡ್ತು ಟೀಚರ್” ಎಂದ. “ನನ್ ಸಾಲು ಬಂದ್ಬಿಡ್ತು.”

ಅವನು ಹೋದ ಮೇಲೆ ನಾನು ದಾಕ್ಷಿಯನ್ನು ಮೇಜಿನ ಹತ್ತಿರ ಕರೆದೆ. ಎರಡು ಜಡೆ, ಒಂದು ಬಿಚ್ಚಿಕೊಂಡಿತ್ತು. ಹೆದರಿದ ಹಾಗೇನೂ ಕಾಣಲಿಲ್ಲ.

“ಗಂಟೆ ಯಾಕೆ ತಗೊಂಡು ಹೋದೆ?”

“ಅಮ್ಮಂಗೆ ತೋರ್ಸಕ್ಕೆ.”

“ಕೇಳದೆ ತಗೊಂಡು ಹೋಗಬಾರದು ಅಂತ ಗೊತ್ತಿಲ್ವಾ?”

“ಕೇಳ್ದೆ.”

“ಯಾರನ್ನ?”

“ನಿಮ್ಮನ್ನೇ. ಹ್ಞೂ ಅಂದ್ರಿ.”

“ನಾನೆಲ್ಲಿ ಅಂದೆ?”

“ಅಂದ್ರಿ” ಎಂದಳು ದಾಕ್ಷಿ, ಬುದ್ಧಿ ಕಡಿಮೆಯಿರುವವರಿಗೆ ಹೇಳುವ ಹಾಗೆ.

ಮಗು ಸುಳ್ಳು ಹೇಳುತ್ತಿದೆ ಎಂದೇ ನನಗನ್ನಿಸಿತು. ನಾಲ್ಕನೆಯ ಸಾಲಿನ ಜೊತೆ ಐದನೆಯದೂ ಸಿಕ್ಕಿತಲ್ಲ ಎಂದುಕೊಂಡೆ, ನನ್ನ ಬುದ್ಧಿಗಿಷ್ಟು. ಆಗ ಬೋರಮ್ಮ ಬಾಗಿಲ ಹತ್ತಿರ ಗಂಟೆ ಹಿಡಿದು ನಿಂತಿದ್ದು ಕಣ್ಣಿಗೆ ಬಿತ್ತು. ಬೋರಮ್ಮ ನನಗಿಂತ ಹಳಬಳು. ನೆಲ ಗುಡಿಸಿ, ಮಕ್ಕಳ ಮೂಗು ಒರೆಸಿ, ಬಾಗಿಲ ಹತ್ತಿರ ನಿಲ್ಲುವುದು ಅವಳ ಕೆಲಸ. ಸುಮ್ಮನೆ ಕೇಳಿದೆ.

“ಬೋರಮ್ಮ, ನಿನ್ನೆ ಇವಳು ಗಂಟೆ ತಗೊಂಡಿದ್ದು ನೀನು ನೋಡಿದ್ಯಾ?”

“ನೋಡ್ದೆ.”

“ನನ್ನನ್ನ ಕೇಳಿದ್ಲಾ?”

“ಕೇಳ್ತು. ಮೇಜಿನ ಅಂಚು ಹಿಡ್ಕೊಂಡು, ತಗೊಳ್ಲಾ ಅಂತ ಕೇಳ್ತು. ನೀವು ತಲೆ ಎತ್ಲಿಲ್ಲ. ಬರೀತಾ ಬರೀತಾ ಹ್ಞೂ ಅಂದ್ರಿ.”

“ನಾನಾ?”

“ಬರೆಯೋವಾಗ ನೀವು ಯಾರು ಏನ್ ಕೇಳಿದ್ರೂ ಹ್ಞೂ ಅಂತೀರಿ. ಮೊನ್ನೆ ಒಂದು ಮಗು ಚಪ್ಪಲಿಗೆ ಹಾಲು ಹಾಕ್ಲಾ ಅಂತು. ಅದಕ್ಕೂ ಹ್ಞೂ ಅಂದ್ರಿ. ನಾನೇ ತೊಳ್ದೆ.”

“ಯಾವಾಗಿಂದ ಹೀಗೆ?”

“ಮೊದ್ಲಿಂದ.”

ಮೊದಲಿನಿಂದ ಎಂದರೆ ಎಷ್ಟು ಮೊದಲು? ದಾಕ್ಷಿ ಆಟಕ್ಕೆ ಹೋಗಲಾ ಎಂದಳು. ತಲೆ ಎತ್ತಿ, ಅವಳ ಮುಖ ನೋಡಿ, ಹೋಗು ಎಂದೆ. ಅವಳು ಹೋದ ಮೇಲೆ ಕೇಳಿದೆ.

“ಇವಳಪ್ಪ, ಮರಿಸ್ವಾಮಿ. ಆನೆ ತಗೊಂಡು ಹೋಗಿದ್ನಲ್ಲ.”

“ಅವ್ನೂ ಕೇಳ್ದ. ಇದೇ ಮೇಜು. ಒಂದ್ಸಲ ಅಲ್ಲ, ಎರಡು ಸಲ ಕೇಳ್ದ. ಎರಡು ಸಲವೂ ಹ್ಞೂ ಅಂದ್ರಿ. ಅದಕ್ಕೇ ಚೀಲಕ್ಕೆ ಹಾಕ್ಕೊಂಡ.”

“ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ ಬೋರಮ್ಮ? ಮೂವತ್ತು ವರ್ಷ ಆಯ್ತಲ್ಲೇ!”

“ನೀವು ಕೇಳ್ಲಿಲ್ವಲ್ಲ ಟೀಚರ್” ಎಂದಳು ಬೋರಮ್ಮ.

ಅವಳದೇನೂ ತಪ್ಪಿಲ್ಲ. ಅವಳ ಷರಾದ ಎರಡನೆಯ ಸಾಲು ‘ಕೇಳದೆ ಮಾತಾಡುವುದಿಲ್ಲ’. ಪಾಪ, ಬರೆದದ್ದಕ್ಕೆ ತಕ್ಕ ಹಾಗೆ ನಡೆದುಕೊಂಡಿದ್ದಳು. ನನಗೆ ಸಿಟ್ಟು ಬಂದದ್ದೇನೋ ನಿಜ. ಅವಳ ಮೇಲೆ ಬಂದ ಸಿಟ್ಟು ಅರ್ಧ ದಾರಿಯಲ್ಲೇ ತಿರುಗಿ ನನ್ನ ಮೇಲೆ ಬಂತು. ಮೂವತ್ತು ವರ್ಷ ನಾನು ಮಕ್ಕಳನ್ನು ನೋಡಿದೆನೋ, ಕಾಗದವನ್ನು ನೋಡಿದೆನೋ?

ದಾಕ್ಷಿಯ ವಿಷಯ ಸುಲಭ. ‘ಕೇಳಿ ತೆಗೆದುಕೊಳ್ಳುತ್ತಾಳೆ’ ಎಂದು ಬರೆದರೆ ಮುಗಿಯಿತು. ಬೋರಮ್ಮನ ಸಾಕ್ಷಿ ಇದೆ, ಬೀದಿಯವರು ಒಂದು ದಿನ ಗೊಣಗಿ ಸುಮ್ಮನಾಗುತ್ತಾರೆ. ಭಾನುವಾರ ಪುರಸಭೆಯ ಹಾಲಿನಲ್ಲಿ ಷರಾಗಳನ್ನು ಓದಿ, ಪೆನ್ನು ಕೆಳಗಿಟ್ಟು, ಶಾಲು ಹೊದ್ದು, ಹಣ್ಣಿನ ತಟ್ಟೆ ಹಿಡಿದು ನಾನು ಮನೆಗೆ ಹೋಗಬಹುದು. ನಾನೇನು ದೊಡ್ಡ ಮನಸ್ಸಿನವಳಲ್ಲ. ಹೀಗೇ ಮಾಡಿಬಿಡೋಣ ಎಂದು ಒಂದಿಡೀ ದಿನ ಅಂದುಕೊಂಡೇ ಇದ್ದೆ.

ಶುಕ್ರವಾರ ಮಧ್ಯಾಹ್ನ ಕಾಲು ತಾನಾಗಿಯೇ ಪುರಸಭೆಯ ದಫ್ತರಕ್ಕೆ ಕರೆದುಕೊಂಡು ಹೋಯಿತು. ನನ್ನ ಮೊದಲನೆಯ ವರ್ಷದ ಪುಸ್ತಕ ತೆಗೆಸಿದೆ. ಇಪ್ಪತ್ತೆರಡು ವರ್ಷದವಳ ದುಂಡಗಿನ ಅಕ್ಷರ. ‘ಕೇಳದೆ ತೆಗೆದುಕೊಳ್ಳುತ್ತಾನೆ’ ಎಂಬ ಸಾಲಿನ ಕೆಳಗೆ ಒಂದು ಗೆರೆ ಬೇರೆ ಎಳೆದಿದ್ದೆ, ಚೆನ್ನಾಗಿ ಬರೆದೆ ಎನ್ನುವ ಖುಷಿಗೆ. ಐದೂವರೆ ವರ್ಷದ ಮಗು ಮೇಜಿನ ಅಂಚು ಹಿಡಿದುಕೊಂಡು ಎರಡು ಸಲ ಕೇಳಿತ್ತು. ಒಂದು ಸಲ ಕೇಳಿ ನಂಬಿಕೆ ಬಾರದೆ ಇನ್ನೊಂದು ಸಲ ಕೇಳಿತ್ತು. ಅಂಥ ಮಗುವಿನ ಬಗ್ಗೆ ನಾನು ಇದನ್ನು ಬರೆದು, ಕೆಳಗೆ ಗೆರೆ ಎಳೆದಿದ್ದೆ.

ಇದನ್ನು ತಿದ್ದಬಹುದೇ ಎಂದು ದಫ್ತರದ ಗುಮಾಸ್ತನನ್ನು ಕೇಳಿದೆ. ‘ಒಬ್ರ ಬಗ್ಗೆ ಎರಡು ಸಲ ಬರೆಯೋಕಾಗಲ್ಲ’ ಎಂದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಹೇಳಿದ. ನಾನು ಮೆಟ್ಟಿಲು ಇಳಿಯುವಾಗ ಕಿಟಕಿಯಲ್ಲಿ ತಲೆ ಹಾಕಿ ಮೂರನೆಯ ಸಲವೂ ಹೇಳಿದ. ಅವನ ಷರಾದಲ್ಲಿ ಏನಿದೆಯೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಒಬ್ಬರ ಬಗ್ಗೆ ಎರಡು ಸಲ ಬರೆಯುವಂತಿಲ್ಲ, ಸರಿ. ಆದರೆ ಮಗಳ ಬಗ್ಗೆ ಒಂದು ಸಲ ಬರೆಯಬೇಕಲ್ಲ. ಶನಿವಾರ ಬೆಳಗ್ಗೆ, ಮಕ್ಕಳಿಲ್ಲದ ಹೊತ್ತಿನಲ್ಲಿ, ಖಾಲಿ ಚಾಪೆಗಳ ಮುಂದೆ ಕುಳಿತು ದಾಕ್ಷಿಯ ಷರಾ ಬರೆದೆ. ಚಪ್ಪಲಿಯನ್ನು ಜೋಡಿಯಾಗಿ ಬಿಡುತ್ತಾಳೆ. ಹಾಡುಗಳಿಗೆ ತನ್ನದೇ ಮಾತು ಹಾಕಿ ಜೋರಾಗಿ ಹಾಡುತ್ತಾಳೆ. ಉಪ್ಪಿಟ್ಟಿನ ಕರಿಬೇವನ್ನು ಆರಿಸಿ ಪಕ್ಕದವರ ತಟ್ಟೆಗೆ ಹಾಕುತ್ತಾಳೆ. ತನ್ನ ತಂದೆಯ ಹಾಗೆಯೇ, ಯಾವುದನ್ನೇ ಆದರೂ ಕೇಳಿ ತೆಗೆದುಕೊಳ್ಳುತ್ತಾಳೆ. ಗಂಟೆಯನ್ನು ಊರಿಗೆ ಕೇಳಿಸುವ ಹಾಗೆ ಬಾರಿಸುತ್ತಾಳೆ. ಎಲ್ಲಿಯೂ ಹೊಡೆದು ಹಾಕದೆ ಒಂದೇ ಏಟಿಗೆ ಬರೆದ ಷರಾ ಅದೊಂದೇ.

ಭಾನುವಾರ ಹಾಲು ತುಂಬಿತ್ತು. ಊರಿನಲ್ಲಿ ಷರಾ ಓದುವ ದಿನ ಬಿಟ್ಟರೆ ಬೇರೆ ಮನರಂಜನೆ ಕಡಿಮೆ. ಅಧ್ಯಕ್ಷತೆ ಪುರಸಭೆಯ ಅಧ್ಯಕ್ಷರದು. ದಾಕ್ಷಿಯ ನಾಲ್ಕನೆಯ ಸಾಲನ್ನು ನಾನು ಕಾಗದ ನೋಡದೆ, ತಲೆ ಎತ್ತಿ, ಮರಿಸ್ವಾಮಿಯ ಮುಖ ನೋಡಿಕೊಂಡೇ ಓದಿದೆ, ಅವನು ಕಂಕುಳಲ್ಲಿ ಕಟ್ಟಿಕೊಂಡಿದ್ದ ಎರಡೂ ಕೈಗಳನ್ನು ಹೊರಗೆ ತೆಗೆದು ಮಗಳನ್ನು ಎತ್ತಿಕೊಂಡ.